ಧೂಳು ಒರೆಸಬೇಡಿ

ಅಪ್ಪ ಸತ್ತ ಮೇಲೆ ಗಂಡುಮಕ್ಕಳಿಬ್ಬರಿಗೆ ಮನೆ ಬಂತು. ವರ್ಷಗಟ್ಟಲೆ ಅವನ ಹಾಸಿಗೆ ಬದಲಿಸಿ, ಬೆನ್ನು ಒರೆಸಿ, ಉಗುಳಿದ್ದಕ್ಕೆ ಅಂಗೈ ಒಡ್ಡಿದ ಮಗಳಿಗೆ ಹಾಡಿನ ಸೆಟ್ಟು ಬಂತು. ಒಂದು ರೆಕಾರ್ಡ್ ಪ್ಲೇಯರ್, ಎತ್ತಿದರೆ ಸೊಂಟ ಹಿಡಿಯುವ ಆಂಪ್ಲಿಫೈಯರ್, ತೊಡೆಯೆತ್ತರದ ಎರಡು ಮರದ ಸ್ಪೀಕರ್.

"ನಮ್ಮ ಪುಟ್ಟಿಗೆ ಹಾಡು ಅಂದ್ರೆ ಪ್ರಾಣ," ಎಂದು ಅಣ್ಣ ನಾಲ್ಕು ಜನರೆದುರು ಹೇಳಿದ. ಐವತ್ತು ದಾಟಿದರೂ ಅವಳು ಪುಟ್ಟಿಯೇ. ಮನೆಯಲ್ಲಿ ಪಾಲು ಕೇಳದವರಿಗೆ ವಯಸ್ಸಾಗುವುದಿಲ್ಲ. ಆ ಸೆಟ್ಟಿನ ಗುಂಡಿ ಮುಟ್ಟಿದ್ದಕ್ಕೆ ಅಪ್ಪ ಅವಳ ಬೆರಳಿಗೆ ಹೊಡೆಯುತ್ತಿದ್ದದ್ದು ಅಣ್ಣನಿಗೆ ನೆನಪಿತ್ತೋ ಇಲ್ಲವೋ, ಹೇಳಲಿಲ್ಲ. ಅಪ್ಪ ಹಾಸಿಗೆ ಹಿಡಿದ ದಿನ ಮುಂದಿನ ಕೋಣೆಗೆ ಬೀಗ ಬಿದ್ದಿತ್ತು. ಅಲ್ಲಿಂದೀಚೆಗೆ ಸೆಟ್ಟಿನ ಮೇಲೆ ಬಿದ್ದದ್ದು ಧೂಳು ಮಾತ್ರ.

ಹಳೇ ಸೆಟ್ಟುಗಳಿಗೆ ಬೆಲೆ ಕಟ್ಟುವವನೊಬ್ಬನಿಗೆ ಅವಳು ಫೋಟೋ ಕಳಿಸಿದಳು. ಅವನು ಕೂಡಲೇ ಫೋನ್ ಮಾಡಿದ.

"ಅಮ್ಮಾ, ಇದನ್ನ ಯಾರಾದ್ರೂ ಬಿಚ್ಚಿದ್ದಾರಾ? ರಿಪೇರಿ, ಪಾಲಿಶ್ ಏನಾದ್ರೂ?"

"ಇಲ್ಲಪ್ಪ. ಒರೆಸೇ ಇಲ್ಲ. ನಾಚಿಕೆ ಆಗುತ್ತೆ ಹೇಳೋಕೆ."

"ಅಯ್ಯೋ, ಪುಣ್ಯ ಮಾಡಿದ್ದೀರಿ! ನಾನು ಬರೋವರೆಗೆ ಧೂಳು ಕೂಡ ಒರೆಸಬೇಡಿ. ಹೇಗಿದೆಯೋ ಹಾಗೇ ಇದ್ರೆ ಇದರ ರೇಟೇ ಬೇರೆ." ಅವನು ಅಂದಾಜು ಹೇಳಿದ. ಪುಟ್ಟಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಆ ದುಡ್ಡಿಗೆ ಒಂದು ಕೋಣೆಯ ಮುಂಗಡ ಕಟ್ಟಿ, ಕೆಲವು ವರ್ಷ ಬಾಡಿಗೆ ಕೊಡಬಹುದಿತ್ತು. ಕೋಣೆಯನ್ನು ನೋಡಿಯೂ ಇಟ್ಟಿದ್ದಳು. ಒಂದು ಕಿಟಕಿ, ಒಂದು ಒಲೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಯಾರೂ ಕೆಮ್ಮದ, ಯಾರೂ ಕರೆಯದ ಕೋಣೆ. ಮನೆ ಮಾರಾಟವಾಗಿತ್ತು. ಖಾಲಿ ಮಾಡಿಸಲು ಅಣ್ಣ, ಅತ್ತಿಗೆ ಬಂದು ಕೂತಿದ್ದರು. ಸಂತೋಷ ತಡೆಯಲಾರದೆ ಅವಳು ಅವರಿಗೆ ಎಲ್ಲವನ್ನೂ ಹೇಳಿದಳು, ಧೂಳಿನ ವಿಷಯವನ್ನೂ. ಬೆಕ್ಕಿನ ಮುಂದೆ ಹಾಲಿನ ಪಾತ್ರೆಯ ಮುಚ್ಚಳ ತೆಗೆದಿಟ್ಟ ಹಾಗೆ.

"ಒಳ್ಳೇದಾಯ್ತು ಬಿಡೇ," ಎಂದಳು ಅತ್ತಿಗೆ. "ನಿನ್ನ ಹಣೇಲೂ ಒಂದು ಸುಖ ಬರೆದಿತ್ತಲ್ಲ."

ಬೆಲೆ ಕಟ್ಟುವವನು ಬರುವ ದಿನ ಬೆಳಿಗ್ಗೆ ಪುಟ್ಟಿ ಕೋಣೆಯ ಒಡತಿಗೆ ಮಾತು ಕೊಟ್ಟು ಬರಲು ಹೋದಳು. ಹಿಂದಿರುಗಿದಾಗ ಮುಂದಿನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಸೋಪಿನ ವಾಸನೆ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, ಪಾತ್ರೆ ತಿಕ್ಕುವ ಪುಡಿ ಹಚ್ಚಿ ಆಂಪ್ಲಿಫೈಯರಿನ ಮುಖ ಉಜ್ಜುತ್ತಿದ್ದಳು. ಗುಂಡಿಗಳ ಸುತ್ತಲಿನ ಅಕ್ಷರಗಳು ಒಂದೂ ಉಳಿದಿರಲಿಲ್ಲ. ಸ್ಪೀಕರುಗಳ ಬಟ್ಟೆ ಕಿತ್ತು ಒಗೆದು ಹಗ್ಗಕ್ಕೆ ಹಾಕಿದ್ದಳು. ಒಳಗೆ ಸದ್ದು ಹೊರಡಿಸುವ ಕಾಗದದ ಆಲಿಕೆಗಳು ನೀರು ಕುಡಿದು, ನೆನೆದ ರೊಟ್ಟಿಯಂತೆ ಜೋತುಬಿದ್ದಿದ್ದವು. ರೆಕಾರ್ಡ್ ಪ್ಲೇಯರಿನ ಮುಳ್ಳು ಮುರಿದು ಒರೆಸುವ ಬಟ್ಟೆಗೆ ಅಂಟಿತ್ತು. ಅಣ್ಣ ಸ್ಪೀಕರಿನ ಮರಕ್ಕೆ ಮರಳುಕಾಗದ ಉಜ್ಜುತ್ತ ಕೂತಿದ್ದ.

"ಬಂದ್ಯಾ? ನೋಡು, ಹೊಸದರ ಹಾಗಾಯ್ತು," ಎಂದಳು ಅತ್ತಿಗೆ. "ಬರೋರು ಏನಂದ್ಕೊಂಡಾರು, ಇಷ್ಟು ಗಲೀಜು ಇಟ್ಕೊಂಡಿದ್ರೆ?"



ಬೆಲೆ ಕಟ್ಟುವವನು ಬಾಗಿಲಲ್ಲೇ ನಿಂತ. ಚೀಲದಿಂದ ತೆಗೆದ ಮೆತ್ತನೆಯ ಬ್ರಷ್ಷನ್ನು ಹಾಗೆಯೇ ಒಳಗಿಟ್ಟ. ಬಗ್ಗಿ ಒಂದು ಸ್ಪೀಕರನ್ನು ಬೆರಳಿನಿಂದ ಮುಟ್ಟಿದ. ಬೆರಳು ಒಳಗೆ ಹೋಯಿತು.

"ಹೇಳಿದ್ನಲ್ಲಮ್ಮ ನಾನು."

"ಈಗೆಷ್ಟು ಸಿಗುತ್ತೆ?" ಎಂದು ಕೇಳಿದ್ದು ಅಣ್ಣ.

"ಗುಜರಿಯವನನ್ನ ಕೇಳಿ ಸ್ವಾಮಿ. ತೂಕಕ್ಕೆ ತಗೋತಾನೆ." ಅವನು ನೀರನ್ನೂ ಕುಡಿಯದೆ ಹೋದ.

ಅತ್ತಿಗೆ ಬಕೆಟ್ಟೆತ್ತಿಕೊಂಡು ಬಚ್ಚಲಿಗೆ ನಡೆದಳು. ಪುಟ್ಟಿ ಅಣ್ಣನೆದುರು ನಿಂತಳು. "ಅಣ್ಣಾ, ನಿನಗೆ ಗೊತ್ತಿತ್ತು."

ಅವನು ಮರಳುಕಾಗದವನ್ನು ನೀಟಾಗಿ ಮಡಚಿದ. "ಗೊತ್ತಿತ್ತು. ಈಗೇನು? ಮುಂದಿನ ತಿಂಗಳು ಮಗಳು ಹೆರಿಗೆಗೆ ಬರ್ತಾಳೆ. ನಿನ್ನತ್ತಿಗೆಗೆ ಮಂಡಿ ನೋವು. ಬಾಣಂತನಕ್ಕೆ ಜನ ಇಟ್ಕೊಂಡ್ರೆ ಎಷ್ಟು ಕೇಳ್ತಾರೆ ಗೊತ್ತಾ? ನೀನು ಕಿಟಕಿ ಪಕ್ಕ ಕೂತು ಗಾಳಿ ಕುಡೀತೀಯ, ನಾವು ಊರವರಿಗೆ ದುಡ್ಡು ಸುರೀಬೇಕಾ?"

"ನನ್ನ ಪಾಲಿಗೆ ಬಂದದ್ದು ಅದೊಂದೇ."

"ನಿನಗ್ಯಾಕೇ ಪಾಲು? ನಾವಿಲ್ವಾ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಣ್ಣನ ಕೋಲು ಸೋಪುನೀರಿನದು. ಮುರಿಯುವ ಪ್ರಶ್ನೆಯೇ ಇಲ್ಲ. ತಂಗಿಯ ಆಸ್ತಿ ಒಡೆದ ಎಂದು ಯಾವ ಕೋರ್ಟಿನಲ್ಲಿ ಹೇಳುವುದು? ಕ್ಲೀನ್ ಮಾಡಿದ ಎನ್ನಬೇಕು ಅಷ್ಟೇ.

ಪುಟ್ಟಿ ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು. ಅವನನ್ನು ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮುಂಗಡಕ್ಕೆ ಅವನಾದರೂ ಕೊಟ್ಟಾನು. ಸಂಜೆಯೊಳಗೆ ಕಟ್ಟದಿದ್ದರೆ ಒಡತಿ ಬೀಗದ ಕೈಯನ್ನು ಬೇರೆಯವರಿಗೆ ಕೊಡುತ್ತಾಳೆ.

"ಸೆಟ್ಟು ಹಾಳಾಯ್ತು ಕಣೋ," ಎಂದಳು.

"ಪೂರ್ತಿನಾ?" ಎಂದ ತಮ್ಮ.

"ಪೂರ್ತಿ."

ತಮ್ಮ ಉಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. "ಸರಿ ಬಿಡಕ್ಕ, ಹೋದ್ದು ಹೋಯ್ತು. ಬಾಣಂತನ ಮುಗಿಯೋವರೆಗೆ ಅಣ್ಣನ ಮನೆ, ಆಮೇಲೆ ನಮ್ಮನೆ. ಹೋದ ವಾರವೇ ಮಾತಾಡ್ಕೊಂಡಿದ್ವಿ, ಅಣ್ಣ ಹೇಳ್ಲಿಲ್ವಾ? ನಮ್ಮ ಮಾವ, ಇವಳಪ್ಪ, ಎದ್ದು ಕೂರೋ ಹಾಗೇ ಇಲ್ಲ. ಅಪ್ಪನ್ನ ನೋಡ್ಕೊಂಡ ಕೈ ನಿಂದು, ನಿನಗೇನು ಹೊಸದಾ?" ಮತ್ತೆ, ಅಕ್ಕರೆಯಿಂದ ಸೇರಿಸಿದ: "ಬರೋವಾಗ ಸ್ವೆಟರ್ ತಗೊಂಬಾರಕ್ಕ. ಮಾವನ ಕೋಣೇಲೇ ನಿನ್ನ ಹಾಸಿಗೆ. ಅವರಿಗೆ ರಾತ್ರಿಯೆಲ್ಲ ಫ್ಯಾನ್ ಬೇಕು."