ಮೂವತ್ತೊಂದನೇ ಬ್ಯಾಡ್ಜು

ಮೂವತ್ತೊಂದನೇ ಬ್ಯಾಡ್ಜಿನ ಅಂಕಿ ಬಂದಾಗ ಅವಳು ಅದನ್ನು ಇನ್ನೊಮ್ಮೆ ಯಂತ್ರಕ್ಕಿಟ್ಟಳು. ಮತ್ತೆ ಅದೇ ಸೊನ್ನೆ.

ರಾಷ್ಟ್ರೀಯ ಪರಮಾಣು ಸಂಶೋಧನಾ ಸಂಸ್ಥೆಯೊಳಗೆ ದುಡಿಯುವವರೆಲ್ಲ ಎದೆಗೆ ಬೆಂಕಿಪೊಟ್ಟಣದಷ್ಟು ಬ್ಯಾಡ್ಜು ಸಿಕ್ಕಿಸಿಕೊಳ್ಳಬೇಕು. ತಿಂಗಳ ಕೊನೆಗೆ ಅದನ್ನು ಯಂತ್ರಕ್ಕಿಟ್ಟು, ಯಾರ ಮೈಗೆ ಎಷ್ಟು ವಿಕಿರಣ ತಾಕಿದೆಯೆಂದು ಬರೆದು ಸಹಿ ಹಾಕುವುದು ಅವಳ ಕೆಲಸ. ಮಿತಿ ಮೀರಿದವರನ್ನು ಒಳಗಿನಿಂದ ಬಿಡಿಸಿ ಮೇಜಿನ ಮುಂದೆ ಕೂರಿಸುತ್ತಾರೆ. ರಿಯಾಕ್ಟರಿನಲ್ಲಿ ಉರಿದ ಇಂಧನದ ಸರಳು ಕತ್ತರಿಸುವ ಕೋಣೆಯವನ ಬ್ಯಾಡ್ಜು ಸೊನ್ನೆ ತೋರಿಸುವುದುಂಟೇ?

ಆ ಸಂಖ್ಯೆ ಮೊದಲು ಅವಳ ಗಂಡನದು. ಹದಿನೆಂಟು ತಿಂಗಳು ಅವನದೂ ಸೊನ್ನೆಯೇ. ನಮ್ಮೋರು ಬಲು ಹುಷಾರು ಎಂದು ಬೀಗಿ ಸಹಿ ಹಾಕಿದ್ದಳು. ಅದು ಆಗದ ಮಾತೆಂದು ತಿಳಿಯದವಳೇನಲ್ಲ. ಸಮಾಧಾನ ಬೇಕಿತ್ತು, ಅವನನ್ನೇನೂ ಕೇಳದೆ ಆ ಸೊನ್ನೆಯಿಂದಲೇ ತೆಗೆದುಕೊಂಡಳು. ಆಮೇಲೆ ರಕ್ತದ ಕಾಯಿಲೆ, ಆಸ್ಪತ್ರೆ. "ಬ್ಯಾಡ್ಜು ಗೂಟದಲ್ಲೇ ಇರ್ತಿತ್ತು ಕಣೇ," ಎಂದಿದ್ದ ಕೊನೆಗೆ, ಕದ್ದು ಸಕ್ಕರೆ ತಿಂದವನಂತೆ ನಕ್ಕು. ಅವನು ಹೋದ ಮೇಲೆ ಯಂತ್ರದ ಖಾನೆ ತೆರೆದಾಗಲೆಲ್ಲ ಆ ನಗು ಬೆನ್ನ ಹಿಂದೆಯೇ ಕೇಳುತ್ತಿತ್ತು. ತಿರುಗಿ ನೋಡಲು ಅವಳಿಗೆ ಹೆದರಿಕೆ.

ಹೋದ ತಿಂಗಳು ಅದೇ ಕೋಣೆ, ಅದೇ ಸಂಖ್ಯೆ ಮೈದುನನ ಪಾಲಿಗೆ ಬಂದಿತ್ತು.

ಅವಳು ನೆಟ್ಟಗೆ ಆ ಕೋಣೆಯ ಬಾಗಿಲಿಗೆ ಹೋದಳು. ಹೊರಗಿನ ಗೂಟದಲ್ಲಿ ಹೊಸ ತಿಂಗಳ ಬ್ಯಾಡ್ಜು ನೇತಾಡುತ್ತಿತ್ತು. ಮೈದುನ ಬೆವರೊರೆಸುತ್ತ ಹೊರಬಂದ.

"ಅತ್ತಿಗೆ! ನೀವೇನಿಲ್ಲಿ?"

"ಇದು ಯಾಕೋ ಇಲ್ಲಿದೆ?"

"ಹಾಕ್ಕೊಂಡ್ರೆ ಎರಡೇ ತಿಂಗಳಿಗೆ ನನ್ನನ್ನ ಮೇಜಿಗೆ ಕಟ್ಟಿಹಾಕ್ತಾರೆ. ಅಣ್ಣ ಅರ್ಧಕ್ಕೆ ಬಿಟ್ಟ ಕೆಲಸ, ಮುಗಿಸ್ಬೇಕು."

"ನಿಮ್ಮಣ್ಣ ಏನಾದ ಅಂತ ನೋಡ್ಲಿಲ್ವೇನೋ?"

ಅವನು ದನಿ ತಗ್ಗಿಸಿದ. "ಅವನಿಗೆ ಬರ್ಕೊಟ್ಟ ಹಾಗೆ ನನಗೂ ಬರ್ಕೊಡಿ ಅತ್ತಿಗೆ. ನಿಮಗೆ ಗೊತ್ತಿದ್ದೇ ಸಹಿ ಹಾಕ್ತೀರಿ ಅಂತ ಅಣ್ಣಾನೇ ಹೇಳ್ತಿದ್ದ."

ಅವಳ ಸಹಿಯನ್ನು ಒಪ್ಪಿಗೆಯೆಂದೇ ತಿಳಿದು ಗಂಡ ದಿನಾ ಒಳಗೆ ಹೋಗಿದ್ದ. ಗೂಟದಿಂದ ಬ್ಯಾಡ್ಜು ತೆಗೆದು ಮೈದುನನ ಅಂಗಿಗೆ ಸಿಕ್ಕಿಸಿದಳು.

ತನ್ನ ಕೋಣೆಗೆ ಬಂದು ಮೂವತ್ತೊಂದರ ಮುಂದೆ 'ಧರಿಸಿರಲಿಲ್ಲ' ಎಂದು ಬರೆದಳು. ಇಷ್ಟಕ್ಕೇ ಹಳೆಯ ಹಾಳೆಗಳನ್ನು ಕೆದಕುತ್ತಾರೆ, ತನ್ನ ಕೆಲಸ ಹೋಗುತ್ತದೆ, ಗೊತ್ತಿತ್ತು. ಹಳೆಯ ರಿಜಿಸ್ಟರನ್ನೂ ತಾನೇ ಕೆಳಗಿಳಿಸಿ, ಗಂಡನ ಒಂದೊಂದು ಸೊನ್ನೆಯ ಪಕ್ಕವೂ ಅದನ್ನೇ ಬರೆದಳು, ಹದಿನೆಂಟು ಸಲ.

ಆಮೇಲೆ ರಿಜಿಸ್ಟರನ್ನು ಎದೆಗವಚಿಕೊಂಡು ನಿರ್ದೇಶಕರ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತಳು. ಬೆನ್ನ ಹಿಂದಿನ ಆ ನಗುವಿಗೆಂದು ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು.