ಅಕ್ಕನ ಲ್ಯಾಪ್‌ಟಾಪಿನ ಸಿಂಗಾರ

ಅಕ್ಕನ ಲ್ಯಾಪ್‌ಟಾಪಿಗೆ ಮುಪ್ಪು ಹಿಡಿದಿತ್ತು; ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಅದಿನ್ನೂ ಆಕಳಿಸುತ್ತಿತ್ತು. ಹಳೆಯದನ್ನೆಲ್ಲ ತೆಗೆದು ಲಿನಕ್ಸ್ ಎಂಬ ಹಗುರವಾದ ಹೊಸ ವ್ಯವಸ್ಥೆ ಹಾಕಿಕೊಡುವ ಉಸಾಬರಿಯನ್ನು ತಮ್ಮ ತಾನಾಗಿಯೇ ಮೈಮೇಲೆ ಎಳೆದುಕೊಂಡ. ಅಂದು ಸಂಜೆ ಸಭಾಂಗಣದಲ್ಲಿ ಅಕ್ಕನ ಕಾವ್ಯವಾಚನ. ಕಣ್ಣು ಮಂಜಾದವಳು, ಪದ್ಯಗಳನ್ನು ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡರೆ ಮಾತ್ರ ಓದಬಲ್ಲಳು. ಆ ಪದ್ಯಗಳೋ, ಇದೇ ಲ್ಯಾಪ್‌ಟಾಪಿನಲ್ಲಿ.

"ಸಂಜೆ ಒಳಗೆ ಆಗುತ್ತೇನೋ?"

"ಅಕ್ಕಾ, ಅರ್ಧ ಗಂಟೆ ಕೆಲಸ."

ಆ ಮಾತು ನಿಜವಾಯಿತು, ತಾಪತ್ರಯವಾದದ್ದೇ ಅಲ್ಲಿ. ಪದ್ಯಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ಲಿನಕ್ಸ್ ಹಾಕಿ, ಪದ್ಯಗಳನ್ನು ಮರಳಿ ತುಂಬಿ, ಪ್ರಿಂಟರ್ ಜೋಡಿಸಿದಾಗ ಅಕ್ಕ ಇನ್ನೂ ತರಕಾರಿ ಹೆಚ್ಚುತ್ತಿದ್ದಳು. ಅಲ್ಲಿಗೇ ಎದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಪರದೆಯ ಕೆಳಗಿನ ಬೂದು ಪಟ್ಟಿ ಅವನ ಕಣ್ಣಿಗೆ ಬಿತ್ತು. ಕಸುಬಿನಲ್ಲಿ ಅವನು ಪಟಗಳಿಗೆ ಚೌಕಟ್ಟು ಹಾಕುವವನು. ಒಳಗೆ ಯಾರ ಪಟವಿದೆಯೆಂದು ನೋಡುವ ಅಭ್ಯಾಸವೇ ಇರಲಿಲ್ಲ.

ಪಟ್ಟಿಯನ್ನು ಪಕ್ಕಕ್ಕೆ ತಂದ, ಮೇಲಕ್ಕೆ ಕಳಿಸಿದ, ಕೊನೆಗೆ ಅಡಗಿಸಿಯೇ ಬಿಟ್ಟ. ಐಕಾನ್‌ಗಳು ಗುಂಡಗಾದವು, ಗುಂಡಗಾದವಕ್ಕೆ ಹಿನ್ನೆಲೆ ಹೊಂದಲಿಲ್ಲ, ಹಿನ್ನೆಲೆಗೆ ಮಂಜಿನ ಬೆಟ್ಟ ಬಂತು, ಬೆಟ್ಟ ಕಾಣಲೆಂದು ಕಿಟಕಿಗಳೆಲ್ಲ ಗಾಜಿನಂತೆ ತೆಳುವಾದವು. ಊಟ ತಟ್ಟೆಯಲ್ಲೇ ತಣ್ಣಗಾಯಿತು. ಭಾವ ಬಂದು ಇಣುಕಿದ.

"ಏನಪ್ಪಾ, ಮದುಮಗಳು ರೆಡಿನಾ?"

"ಮೌಸಿನ ಬಾಣ ಒಂದು ಬಾಕಿ, ಭಾವ."

ಹೊರಡುವ ಹೊತ್ತಿಗೆ ಅಕ್ಕ ಬಂದು ಕೂತಳು. ಕನ್ನಡಕ ಏರಿಸಿದಳು, ಇಳಿಸಿದಳು.

"ಎಲ್ಲೋ ನನ್ನ ಪದ್ಯ?"

ಅವನು ಎರಡು ಕೀ ತೋರಿಸಿದ. ಅವಳು ಒತ್ತಿದಳು. ಪದ್ಯಗಳು ನೀರಲೆಯಂತೆ ತೇಲಿಬಂದವು, ಬಿಳಿ ಮಂಜಿನ ಮೇಲೆ ತಿಳಿಬೂದು ಅಕ್ಷರಗಳಲ್ಲಿ.

"ಚೆನ್ನಾಗಿದೆ ಕಣೋ. ಏನೂ ಕಾಣಲ್ಲ."

ಅವನೇ ಪ್ರಿಂಟ್ ಕೊಡಲು ಬಾಗಿದ. ಒತ್ತಬೇಕಾದ ಗುಂಡಿ ಅವನೇ ಆರಿಸಿದ ಬಣ್ಣದಲ್ಲಿ ಕರಗಿಹೋಗಿತ್ತು. ಬಣ್ಣ ಬದಲಿಸೋಣವೆಂದರೆ ಸೆಟ್ಟಿಂಗ್ಸ್ ಇದ್ದದ್ದು ಅಡಗಿಸಿದ ಪಟ್ಟಿಯಲ್ಲಿ. ಪಟ್ಟಿಯನ್ನು ಕರೆಯುವ ಕೀ ಯಾವುದೆಂಬುದು ಇಟ್ಟವನಿಗೇ ಮರೆತಿತ್ತು.

"ಬಿಡೋ, ನಾನೇ ಕೈಯಲ್ಲಿ ಬರೆದುಕೊಡ್ತೀನಿ," ಎಂದ ಭಾವ.

"ನೀವು ಬರೆದಿದ್ದು ನಿಮಗೇ ಓದೋಕಾಗಲ್ಲ, ಸುಮ್ನಿರಿ," ಎಂದಳು ಅಕ್ಕ. ಹಾಗೆಂದು ಗಡಿಯಾರ ನೋಡಿದವಳ ಮುಖ ಬಾಡಿತ್ತು.

ಮಾಡಿದ ಸಿಂಗಾರವನ್ನು ಒಂದೊಂದಾಗಿ ಬಿಚ್ಚುತ್ತ ಕೂತರೆ ವಾಚನವೇ ಮುಗಿದುಹೋಗುತ್ತದೆ. ಉಳಿದದ್ದು ಮಾನ ಬಿಟ್ಟವರ ದಾರಿ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯನ್ನು ತೆರೆಯುವ ಕೀಯನ್ನು ಪುಣ್ಯಕ್ಕೆ ಬದಲಿಸಿರಲಿಲ್ಲ. ಅಲ್ಲಿಂದ ಅಕ್ಕನ ಹೆಸರಿಗೆ, ಯಾವ ಸಿಂಗಾರವೂ ಸೋಕದ ಹೊಸ ಖಾತೆ ಮಾಡಿ, ಅದರೊಳಗೆ ಹೋಗಿ ಪೆನ್‌ಡ್ರೈವ್ ಸಿಕ್ಕಿಸಿದ. ಬೂದು ಪಟ್ಟಿ, ಚೌಕ ಐಕಾನ್, ಬಿಳಿಯ ಮೇಲೆ ಕಪ್ಪಕ್ಷರ. ಬೆಳಿಗ್ಗೆ ಲಿನಕ್ಸ್ ಹಾಕಿದಾಗ ಹೇಗಿತ್ತೋ ಹಾಗೇ. ಅಕ್ಕ ಯಾರನ್ನೂ ಕೇಳದೆ ಪ್ರಿಂಟ್ ಒತ್ತಿದಳು. ಹಾಳೆಗಳು ಒಂದೊಂದಾಗಿ ಹೊರಬಂದವು.

"ಈಗ ಚೆನ್ನಾಯ್ತು ನೋಡು. ಪಾಪ, ಇಷ್ಟಕ್ಕೆ ಇಡೀ ದಿನ ಹಿಡಿಯಿತಾ?"

ತಮ್ಮ ಹಾಳೆಗಳನ್ನು ಜೋಡಿಸಿ ಅವಳ ಕೈಗಿಟ್ಟ.

ಸಭಾಂಗಣದಲ್ಲಿ ಅಕ್ಕನ ದನಿ ಏರಿತು. ಎಲ್ಲರೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೊದಲ ಸಾಲಿನಲ್ಲಿದ್ದ ತಮ್ಮ ಮಾತ್ರ ಅವಳ ಕೈಯ ಹಾಳೆಯನ್ನೇ ದಿಟ್ಟಿಸುತ್ತಿದ್ದ. ಎಡಗಡೆ ಅಂಚು ಕೊಂಚ ಹೆಚ್ಚಾಯಿತಲ್ಲ ಎಂದು ಕೈ ತುರಿಸಿತು. ತನ್ನ ಮೇಲೆ ತನಗೇ ಹೇಸಿಕೆಯಾಗಿ, ಅವನೂ ಕಣ್ಣು ಮುಚ್ಚಿದ.