ಹೀರೋ ಎಂಟ್ರಿಗೆ ಮುಂಚಿನ ಆರು ನಿಮಿಷ

ಅತ್ತೆಯ ಲಾಂಡ್ರಿಯಲ್ಲಿ ನನಗೆ ಮೂರು ಹುದ್ದೆ. ಬಿಲ್ ಬರೆಯುವವನು, ವ್ಯಾನ್ ಓಡಿಸುವವನು, ಮತ್ತು ಮಾಧ್ಯಮ ಸಂಪರ್ಕಾಧಿಕಾರಿ. ಮೂರನೆಯದನ್ನು ನನಗೆ ನಾನೇ ಕೊಟ್ಟುಕೊಂಡದ್ದು. ಕಾರ್ಡು ಕೂಡ ಅಚ್ಚು ಹಾಕಿಸಿದ್ದೇನೆ. ಲಾಂಡ್ರಿಯ ಪೇಜು ನನ್ನ ಕೈಯಲ್ಲಿ ಇರುವವರೆಗೆ ಅಂಗಡಿಯ ಹೆಸರಿಗೆ ಕುತ್ತಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಮಾವನ ಪಾಲಿನ ಕೆಲಸ ಉಣ್ಣೆ ಕಂಬಳಿ. ಮಷೀನಿಗೆ ಹಾಕಿದರೆ ಉಣ್ಣೆ ಕುಗ್ಗಿ ರಟ್ಟಿನಂತಾಗುತ್ತದೆ. ಹಾಗಾಗಿ ಮಾವ ಹಿಂದಿನ ಕೋಣೆಯ ತೊಟ್ಟಿಗಿಳಿದು ಬರಿಗಾಲಿನಲ್ಲಿ ತುಳಿದು ತೊಳೆಯುತ್ತಾರೆ. ಕಳೆದ ವಾರ ಅದನ್ನು ವಿಡಿಯೊ ಮಾಡಿದೆ. ಒಟ್ಟು ಎಂಟು ನಿಮಿಷ. ಅದರಲ್ಲಿ ಆರು ನಿಮಿಷ ಮಾವ ಸ್ಟೂಲಿನ ಮೇಲೆ ಕೂತು, ಆಪರೇಷನ್‌ಗೆ ಹೊರಟ ಡಾಕ್ಟರ ಹಾಗೆ, ಸೋಪು ಹಚ್ಚಿ ಬ್ರಷ್ಷಿನಿಂದ ತಮ್ಮ ಕಾಲು ಉಜ್ಜಿಕೊಳ್ಳುವುದೇ ಇತ್ತು. ಹೀರೋ ಎಂಟ್ರಿಗೆ ಮುಂಚೆ ಕಾಲು ತೊಳೆಯುವುದನ್ನು ಯಾರು ನೋಡುತ್ತಾರೆ? ಕತ್ತರಿಸಿ ಬಿಸಾಕಿದೆ. ಸ್ಲೋ ಮೋಷನ್ನಿನಲ್ಲಿ ಒಂದು ಪಾದ ಕಂಬಳಿಯ ಮೇಲೆ ಬೀಳುತ್ತದೆ, ನೀರು ಚಿಮ್ಮುತ್ತದೆ, ಹಿಂದೆ ನಗಾರಿ, ಮೇಲೆ ನನ್ನ ದನಿ: "ಈ ಕಾಲು ಇಳಿದ್ರೆ ಕೊಳೆ ಊರು ಬಿಡಬೇಕು."

ಮಂಗಳವಾರ ಬೆಳಿಗ್ಗೆ ನಾಲ್ಕು ಲಕ್ಷ ಜನ ಅದನ್ನು ನೋಡಿದ್ದರು. ಗೆದ್ದೆ ಎಂದುಕೊಂಡು ಕಾಮೆಂಟು ತೆರೆದೆ. 'ಬೀದಿ ಸುತ್ತಿದ ಕಾಲಲ್ಲಿ ನಮ್ಮ ಹೊದಿಕೆ ತುಳೀತಾರೆ.' 'ಇದನ್ನೇ ಮುಖದವರೆಗೂ ಎಳ್ಕೊಂಡು ಮಲಗ್ತೀನಲ್ಲ, ಥೂ.' ನಾನು ಸುಮ್ಮನಿರುವ ಜಾತಿಯಲ್ಲ. 'ತಾಕತ್ತಿದ್ರೆ ಅಂಗಡಿಗೆ ಬಾ' ಎಂದು ಲಾಂಡ್ರಿಯ ಪೇಜಿನಿಂದಲೇ ಉತ್ತರ ಕೊಟ್ಟೆ. ಎರಡು ನಿಮಿಷಕ್ಕೆ ಬುದ್ಧಿ ಬಂದು ಅಳಿಸಿದೆ. ಅಷ್ಟರಲ್ಲಿ ಯಾರೋ ಅದರ ಫೋಟೊ ಹಿಡಿದು ಹಂಚಿದ್ದರು: 'ತುಳಿಯೋದು ಸಾಲದು ಅಂತ ರೌಡಿಸಂ ಬೇರೆ.'

ಹತ್ತು ಗಂಟೆಗೆ ಹಾಸ್ಟೆಲ್ ವಾರ್ಡನ್ ಮೇಡಂ ಫೋನು. ಅವರ ನೂರಿಪ್ಪತ್ತು ಕಂಬಳಿ ನಮ್ಮಲ್ಲಿದ್ದವು. ಮಾವನ ತೊಟ್ಟಿ ನಡೆಯುವುದೇ ಆ ಕಂಬಳಿಗಳಿಂದ.

"ಹುಡುಗೀರು ಮುಟ್ಟಲ್ಲ ಅಂತಿದ್ದಾರೆ ಕಣ್ರೀ. ಐದು ಗಂಟೆಗೆ ನಾನೇ ಬರ್ತೀನಿ. ತೊಳೆದಿದ್ದು, ತೊಳೀದೇ ಇರೋದು, ಎಲ್ಲಾ ವಾಪಸ್ ಕೊಟ್ಬಿಡಿ."

ಅತ್ತೆ ಫೋನಿಟ್ಟರು. ಮಾವ ತೊಟ್ಟಿಯಿಂದ ಹೊರಬಂದು, ಕಾಲೊರೆಸಿ, ಸಾಕ್ಸ್ ಹಾಕಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವರು ಸಾಕ್ಸ್ ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

"ಇನ್ಮೇಲೆ ಮಷೀನಿಗೇ ಹಾಕಿ," ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಏನೋ ಅಧಿಕಾರಿ, ಇವರು ಕಾಲು ತೊಳ್ಕೊಂಡಿದ್ದು ಎಲ್ಲಿ ಹೋಯ್ತು?"

"ಬೋರ್ ಹೊಡೀತಿತ್ತು ಅತ್ತೆ. ಎಡಿಟಿಂಗಲ್ಲಿ ಹೋಯ್ತು."

"ಇಪ್ಪತ್ತೆರಡು ವರ್ಷದ ಹೆಸರು ಎಡಿಟಿಂಗಲ್ಲಿ ಹೋಯ್ತು ಅನ್ನು."

ಬೈಗುಳ ನನಗೆ ಅಭ್ಯಾಸ. ಆ ಸಾಕ್ಸ್ ಮಾತ್ರ ನೋಡಲಾಗಲಿಲ್ಲ.

"ನಾಲ್ಕೂವರೆಗೆ ಲೈವ್ ಹೋಗೋಣ ಅತ್ತೆ. ಮ್ಯೂಸಿಕ್ ಇಲ್ಲ, ಕಟ್ ಇಲ್ಲ. ಒಂದೇ ಶಾಟ್."

"ನೀನು ಬಾಯಿ ಬಿಟ್ರೆ ಉಗಿಯೋಕೆ ಇನ್ನೂ ನಾಲ್ಕು ಲಕ್ಷ ಜನ ಬರ್ತಾರೆ."

"ತಪ್ಪು ನಂದು ಅಂತ ಹೇಳೋಕಷ್ಟೇ ಬಿಡ್ತೀನಿ. ಆಮೇಲೆ ಸ್ಟೂಲ್ ಮೇಲೆ ಕೂರೋನೂ ನಾನೇ. ಮಾವನ ಕಾಲು ಕ್ಲೀನು ಅಂತ ಮಾವನೇ ಹೇಳಿದ್ರೆ ಯಾರು ನಂಬ್ತಾರೆ? ಈ ತೊಟ್ಟಿಗೆ ಇಳಿಯೋಕೆ ಒಂದು ಕಾಲು ಹೇಗೆ ಪಾಸಾಗಬೇಕು, ಅದನ್ನ ಜನ ನೋಡ್ಲಿ."

ಮಾವ ಅವತ್ತು ಮೊದಲ ಸಲ ನನ್ನ ಕಡೆ ತಿರುಗಿ ಪಾದ ನೋಡಿದರು.

"ಆ ಕಾಲಾ?" ಎಂದವರು ಡ್ರಾಯರಿನಲ್ಲಿ ಟಾರ್ಚು ಹುಡುಕತೊಡಗಿದರು.

ನಾಲ್ಕೂವರೆಗೆ ಅತ್ತೆ ಫೋನು ಹಿಡಿದರು. ಬಾಯಿತುದಿಗೆ ಬಂದಿದ್ದ ಮೂರು ಡೈಲಾಗು ನುಂಗಿಕೊಂಡೆ. "ಆ ವಿಡಿಯೊ ಕತ್ತರಿಸಿದ್ದು ನಾನು. ಬಾ ಅಂತ ಬೆದರಿಸಿದ್ದೂ ನಾನು. ನಮ್ಮ ಮಾವಂದು ಏನೂ ತಪ್ಪಿಲ್ಲ. ಕತ್ತರಿಸಿದ ಭಾಗ ಈಗ ಪೂರ್ತಿ ನೋಡಿ."

ಆರು ನಿಮಿಷ ಉಜ್ಜಿದೆ. ಮಾವ ಬಗ್ಗಿ ಟಾರ್ಚು ಬಿಟ್ಟರು.

"ಹಿಮ್ಮಡಿ ಬಿರುಕಲ್ಲಿ ಏನದು?"

"ನೆರಳು ಮಾವ."

"ಉಜ್ಜಿದ್ರೆ ನೆರಳೂ ಹೋಗುತ್ತೆ. ಉಜ್ಜು."

ಮತ್ತೆ ಉಜ್ಜಿದೆ. ಉಗುರು ಸರಿಯಿಲ್ಲ ಎಂದರು. ಕತ್ತರಿಸಿದೆ. ಬೆರಳ ಸಂದಿ ತೋರಿಸು ಎಂದರು. ತೋರಿಸಬಾರದಿತ್ತು. ಅತ್ತೆ ಕಾಮೆಂಟು ಓದತೊಡಗಿದರು: "'ನಮಗೆ ಪರೀಕ್ಷೆ ಹಾಲ್‌ನಲ್ಲೂ ಇಷ್ಟು ಚೆಕಿಂಗ್ ಇರಲಿಲ್ಲ' ಅಂತೆ. 'ಅಂಕಲ್, ಎಡಗಾಲಿನ ಕಿರುಬೆರಳು ಬಿಟ್ಟೋಯ್ತು' ಅಂತೆ."

"ನೋಡಿದ್ದೀನಿ ಅಂತ ಹೇಳು," ಎಂದರು ಮಾವ, ತಲೆಯೆತ್ತದೆ. "ಅದಕ್ಕೇ ಬರ್ತಾ ಇದ್ದೆ."

ಐದಕ್ಕೆ ವಾರ್ಡನ್ ಮೇಡಂ ಬಂದರು, ಜೊತೆಗೆ ಹಾಸ್ಟೆಲಿನ ಒಬ್ಬ ಹುಡುಗಿ. ಹುಡುಗಿಯ ಫೋನಿನಲ್ಲಿ ನನ್ನ ಪಾದವೇ ಓಡುತ್ತಿತ್ತು. ಮೇಡಂ ಬಾಗಿಲಲ್ಲೇ ನಿಂತು, ಕೆಂಪಗಾದ ನನ್ನ ಹಿಮ್ಮಡಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಇವನ ಕಾಲು ಪಾಸಾಯ್ತಾ?"

"ಇಲ್ಲ ಮೇಡಂ," ಎಂದರು ಮಾವ. "ಇವತ್ತು ಆಗೋ ಹಾಗೆ ಕಾಣ್ಸಲ್ಲ."

"ಹಾಗಾದ್ರೆ ಕಂಬಳಿ ಇಲ್ಲೇ ಇರ್ಲಿ."

"ಆದ್ರೆ ಅಂಕಲ್, ನನ್ನ ಕಂಬಳಿ ಮೇಲೆ ಮಾತ್ರ ಇವರನ್ನ ಬಿಡಬೇಡಿ," ಎಂದಳು ಹುಡುಗಿ.

"ಯಾರ ಕಂಬಳಿ ಮೇಲೂ ಬಿಡಲ್ಲಮ್ಮ. ಏಳೋ, ಜಾಗ ಬಿಡು."

ಮಾವ ಸ್ಟೂಲಿನ ಮೇಲೆ ಕೂತು, ಸಾಕ್ಸ್ ಬಿಚ್ಚಿ, ಸೋಪು ಕೈಗೆತ್ತಿಕೊಂಡರು. ಅತ್ತೆ ಫೋನು ಇಳಿಸಲಿಲ್ಲ. ನಾನು ಪರದೆಯ ಮೂಲೆಯ ಸಂಖ್ಯೆಯ ಮೇಲೆ ಕಣ್ಣಿಟ್ಟು ನಿಂತೆ. ಆರು ನಿಮಿಷ ಮಾವ ಕಾಲು ಉಜ್ಜಿಕೊಂಡರು, ನೋಡುವವರು ಹೆಚ್ಚುತ್ತಲೇ ಹೋದರು.